ಸುತ್ತಿಗೆ ಎಡಗೈಗೆ ಬಂದ ದಿನ

ತಾಂಡೂರಿನ ಫರಸಿ ಕಲ್ಲಿನ ಗಣಿಯಲ್ಲಿ ಚಪ್ಪಡಿಗಳ ಅಂಚು ಕಡಿಯುವುದು ನನ್ನ ಕೆಲಸವಾಗಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಜಾರಿದ ಚಪ್ಪಡಿಯೊಂದು ಬಲಗೈಯ ಎರಡು ಬೆರಳುಗಳ ನರ ಕತ್ತರಿಸಿತು. ಹೈದರಾಬಾದಿನ ಡಾಕ್ಟರು ಆಪರೇಷನ್ ಮಾಡಿ ನರ ಜೋಡಿಸಿದರು. ಗಾಯ ಒಣಗಿತು, ಬೆರಳು ಮಡಚಲು ಬಂತು. ಸುತ್ತಿಗೆ ಹಿಡಿಯುವಷ್ಟು ಬಿಗಿ ಮಾತ್ರ ಬರಲಿಲ್ಲ.

ಗಣಿಗೆ ಮರಳಿದ ದಿನ, ನಮ್ಮ ಕೆಲಸ ನೋಡಿಕೊಳ್ಳುವ ಮಿಸ್ತ್ರಿ ನನ್ನ ಅಂಗೈ ತಿರುಗಿಸಿ ನೋಡಿದ.

"ಗೇಟಿನಾಗ ಕಾವಲಿಗಿ ಕೂಡು ತಮ್ಮಾ. ಆರಾಮ್ ಕೆಲಸ. ಕುರ್ಚಿ ಕೊಡಸ್ತೀನಿ."

"ಕುರ್ಚಿ ನೀವೇ ಇಟ್ಕೋರಿ. ನಾ ಕಲ್ಲ ಕಡಿಯಾಕ ಬಂದೀನಿ."

ಬಲಗೈಯಲ್ಲಿ ಉಳಿ, ಎಡಗೈಯಲ್ಲಿ ಸುತ್ತಿಗೆ ಹಿಡಿದು ಚಪ್ಪರದ ಕೆಳಗೆ ನನ್ನ ಹಳೆಯ ಜಾಗದಲ್ಲಿ ಕೂತೆ. ನಾವು ಕಡಿಯುವವರೆಲ್ಲ ಸಾಲಾಗಿ, ಒಂದೇ ಕಡೆ ಓರೆಯಾಗಿ ಕೂರುತ್ತಿದ್ದೆವು. ಹಾಗೆ ಕೂತರೆ ಒಬ್ಬರ ಚೂರು ಇನ್ನೊಬ್ಬರಿಗೆ ತಾಗುವುದಿಲ್ಲ. ಅದು ಬಲಗೈಯವರ ಲೆಕ್ಕ. ನನ್ನ ಮೊದಲ ಪೆಟ್ಟಿನ ಚೂರು ಬಲಕ್ಕೆ ಹಾರಿ ಪಕ್ಕದಲ್ಲಿದ್ದ ಹಿರಿಯನ ಗಲ್ಲಕ್ಕೆ ಬಡಿಯಿತು. ಅವನನ್ನು ನಾವೆಲ್ಲ ಮಾವ ಎನ್ನುತ್ತಿದ್ದೆವು.

"ಏ ಎಡಚ್ಯಾ, ಇದ್ದದ್ದು ಎರಡು ಕಣ್ಣ. ನಿನ್ನ ಕೈ ಸಲುವಾಗಿ ಅವನ್ನೂ ಕೊಡ್ಲೇನು?"

ಸಾಲು ನಕ್ಕಿತು. "ಹೇಳಿದ್ನಿಲ್ಲ?" ಎಂದ ಮಿಸ್ತ್ರಿ. "ಸಾಲಿನಾಗ ಎಡಗೈ ನಡಿಯಂಗಿಲ್ಲ."

ಮಾವನ ದೂರು ನಿಜವಾಗಿತ್ತು. ಮಿಸ್ತ್ರಿಯ ತೀರ್ಪನ್ನು ನಾನು ಒಪ್ಪಲಿಲ್ಲ. ಚಪ್ಪಡಿಯನ್ನು ಎಳೆದುಕೊಂಡು ಸಾಲಿನ ಬಲತುದಿಗೆ ಹೋದೆ. ಅಲ್ಲಿ ಚಪ್ಪರ ಮುಗಿದು ಬಿಸಿಲು ಶುರುವಾಗುತ್ತಿತ್ತು. ನನ್ನ ಬಲಕ್ಕೆ ಯಾರೂ ಇರಲಿಲ್ಲ. ಚೂರು ಬಯಲಿಗೆ ಹಾರಿದವು.

"ಬಿಸಿಲಾಗ ಸಾಯ್ತಿ," ಎಂದ ಮಾವ.

"ನಿಮ್ಮ ಕಣ್ಣು ಉಳೀತಲ್ಲ ಮಾವ, ಸುಮ್ಮನ ಕಡೀರಿ."

ಮೊದಲ ಚಪ್ಪಡಿ ನಡುವೆಯೇ ಸೀಳಿತು. ಎರಡನೆಯದರ ಮೂಲೆ ಹಾರಿತು. ಎಡಗೈಗೆ ಪೆಟ್ಟಿನ ತೂಕ ತಿಳಿಯದು, ಬಲಗೈಯಲ್ಲಿ ಉಳಿ ನಿಲ್ಲದು. ಮಧ್ಯಾಹ್ನ ಮಿಸ್ತ್ರಿ ಬಂದು, ಮೂಲೆ ನೆಟ್ಟಗಿದೆಯೇ ಎಂದು ಇನ್ನೊಂದು ಚಪ್ಪಡಿಗೆ ಮೂಲೆಮಟ್ಟ ಇಟ್ಟ. ಸಂದಿನಲ್ಲಿ ಬೆಳಕು ಕಂಡಿತು.

"ವಾಂಕಾ ಅದ. ಕಲ್ಲ ಹಾಳ ಮಾಡಾಕ ಕೂತಿ."

"ಮೂಲಿಮಟ್ಟ ಇಲ್ಲೇ ಬಿಟ್ಟ ಹೋಗ್ರಿ."

ಅವನು ಬೈಯುತ್ತಲೇ ಬಿಟ್ಟು ಹೋದ. ಸಂಜೆ ಲಾರಿ ತುಂಬುವ ಹೊತ್ತಿಗೆ ಒಂದು ಚಪ್ಪಡಿ ನೆಟ್ಟಗೆ ಬಂದಿತ್ತು. ಮಿಸ್ತ್ರಿ ನಾಲ್ಕೂ ಮೂಲೆ ನೋಡಿದ. ನಂಬದೆ ತಿರುಗಿಸಿ ಮತ್ತೆ ನೋಡಿದ. ಆಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಲಾರಿಯ ಕಡೆ ಕಳಿಸಿದ.

"ಕಾವಲಿಗಿ ಬ್ಯಾರೆ ಯಾರ್ನರೆ ನೋಡ್ತೀನಿ," ಎಂದ.

"ನೋಡ್ರಿ."

ಅವನು ಅತ್ತ ಹೋದ ಮೇಲೆ, ಉಳಿಯ ಸುತ್ತ ಮರಗಟ್ಟಿದ್ದ ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡೆ.