ಕಾಂಬಳೆ ಮೇಡಂ ಮತ್ತು ಅವ್ವನ ಗುಳಿಗೆ

ಕಾಂಬಳೆ ಮೇಡಂ ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಬೈಲಹೊಂಗಲದ ನಮ್ಮ ಪಿಯು ಕಾಲೇಜಿನಲ್ಲಿ ಅವರು ಜೀವಶಾಸ್ತ್ರ ಶುರು ಮಾಡಿದರೆ ಪಕ್ಕದ ಕೋಣೆಯ ಇತಿಹಾಸದ ಸರ್ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಟಿಕೆಟ್ ಕೇಳಿದರೂ ಹಿಂದಿನ ಸೀಟಿನವರಿಗೆ ಗೊತ್ತಾಗಬೇಕು, ಮೇಡಂ ರಾಮದುರ್ಗಕ್ಕೆ ಹೊರಟಿದ್ದಾರೆ ಅಂತ. ಮುಟ್ಟು, ಭೇದಿ, ಟಿ.ಬಿ. ಎಂದು ಜನ ಕಿವಿಯಲ್ಲಿ ಹೇಳುವ ಮಾತುಗಳನ್ನೆಲ್ಲ ಅವರು ಹಾಜರಿ ಕೂಗಿದ ಹಾಗೆ ಕೂಗುತ್ತಿದ್ದರು. ಯಾರಾದರೂ ಮುಖ ಸಿಂಡರಿಸಿದರೆ, "ಸಣ್ಣ ದನಿಲೆ ಹೇಳಾಕ ನಾ ಏನು ಕಳವು ಮಾಡೇನೇನು?" ಎಂದು ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದರು.

ನೋಡಿದರೆ ಒಂದು ಹಿಡಿ ಮೈ. ಪಿನ್ನು ಹಾಕಿ ಬಿಗಿದ ನೂಲಿನ ಸೀರೆ, ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ ಸುಣ್ಣದ ಕಡ್ಡಿ. ಅವರು ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ. ಈ ವರ್ಷ ಮುಗಿದರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ದೇವರೇ ಬಲ್ಲ. ಅಂಥ ನೌಕರಿಯಲ್ಲಿ ಇರುವವರು ಸಾಮಾನ್ಯವಾಗಿ ತಲೆ ತಗ್ಗಿಸಿ ಗೈಡ್ ಓದಿ ಹೇಳಿ ಮನೆಗೆ ಹೋಗುತ್ತಾರೆ. ಈ ಹೆಂಗಸು ಗೈಡ್ ತಂದವರನ್ನು ಹೊರಗೆ ಕಳಿಸುತ್ತಿದ್ದರು.

ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವ ಪಾಠವನ್ನು ಅವರು ಬೋರ್ಡಿನ ಮೇಲೆ ಮಾಡಲಿಲ್ಲ. ನಮ್ಮಪ್ಪ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಎರಡು ಹಗ್ಗ ತರಿಸಿ, ಹೊಸೆದು, ಅಂಗಳದ ಉದ್ದಕ್ಕೂ ಹಾಸಿದರು. ಅದು ಡಿಎನ್‌ಎ. ಹಗ್ಗ ಬಿಚ್ಚುತ್ತ, ಓದುತ್ತ, ಬರೆಯುತ್ತ ಸಾಗುವ ಕಿಣ್ವ ನಾನು. ಎಲ್ಲಿಂದ ಬರೆಯಬೇಕು ಎಂದು ನನಗೆ ತೋರಿಸುವ ಸಿಗ್ಮಾ ನನ್ನ ಗೆಳತಿ ನೀಲಾ.

"ಪೂರಾ ಬಿಚ್ಚಬ್ಯಾಡವಾ! ಗೇಣು ಬಿಚ್ಚು, ಬರಿ, ಹಿಂದಿಂದು ಮುಚ್ಚಕೋತ ನಡಿ. ಟಿ ಬದಲಿ ಯು ಬರೀಬೇಕು, ಮರೀಬ್ಯಾಡ. ಏ ನೀಲಾ, ಜಾಗಾ ತೋರ್ಸಿದಿ, ಅಕಿ ಬರ್ಯಾಕ ಹತ್ಯಾಳ, ನಿನ್ನ ಕೆಲಸ ಮುಗೀತು. ಹೋಗಿ ಕುಂಡ್ರು!"

ಆಮೇಲೆ ನನ್ನ ಕೈಯಿಂದ ಹೊರಬರುತ್ತಿದ್ದ ಕಾಗದದ ಪಟ್ಟಿಯ ತುದಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟರು. "ನಮ್ಮ ಜೀವಕೋಶದಾಗ ಬರ್ಯಾಕ ಒಂದು ಖೋಲಿ, ಅಡಗಿಗೆ ಒಂದು ಖೋಲಿ. ಬ್ಯಾಕ್ಟೀರಿಯಾದ್ದು ರಾಮದುರ್ಗದ ನಮ್ಮ ಮನಿ ಹಂಗ, ಎಲ್ಲಾದಕ್ಕೂ ಒಂದ ಖೋಲಿ. ಈ ಕಡಿ ಬರಿಯೂದು ಮುಗಿದಿರಂಗಿಲ್ಲ, ಆ ಕಡಿ ತುದಿ ಹಿಡದು ಪ್ರೋಟೀನ್ ಮಾಡಾಕ ಚಾಲೂ. ರೊಟ್ಟಿ ಹಂಚಿನ ಮ್ಯಾಲ ಇದ್ದಾಗ್ಲೇ ನಾವು ತಾಟು ಹಿಡಕೊಂಡು ಕುಂಡ್ರತಿದ್ದಿವಿ ನೋಡು, ಹಂಗ!"

ಮತ್ತೆ ಮೊದಲಿಂದ ಬರೆಯಲು ಹೇಳಿ, ನಾನು ಮೂರನೆಯ ಅಕ್ಷರ ಬರೆಯುವಷ್ಟರಲ್ಲಿ ಅವರೇ ಬಂದು ಪಟ್ಟಿಗೆ ಅಡ್ಡವಾಗಿ ಕೈ ಇಟ್ಟರು. "ಈಗ ಬರಿ ನೋಡೂಣು. ಆಗೂದಿಲ್ಲ! ಟಿ.ಬಿ. ಗುಳಿಗಿಯೊಳಗ ರಿಫಾಂಪಿಸಿನ್ ಅಂತ ಐತಿ. ಅದು ಹಿಂಗ ಹೋಗಿ ಆ ಕಿಣ್ವದ ಬಾಯಾಗ ಕುಂಡ್ರತೈತಿ. ಎರಡು ಮೂರು ಅಕ್ಷರದ ಮುಂದ ಹೋಗಗೊಡೂದಿಲ್ಲ. ನಕಲಿಲ್ಲ ಅಂದ್ರ ಪ್ರೋಟೀನ್ ಇಲ್ಲ, ಪ್ರೋಟೀನ್ ಇಲ್ಲ ಅಂದ್ರ ಬ್ಯಾಕ್ಟೀರಿಯಾ ಖಲಾಸ್. ನಮ್ಮ ಕಿಣ್ವದ ಆಕಾರಾನ ಬ್ಯಾರೆ, ಅದಕ್ಕ ನಮಗ ತಡಿಯೂದಿಲ್ಲ. ಆದ್ರ ಈ ಗುಳಿಗಿಗೆ ತನ್ನದ ಒಂದು ಬಣ್ಣ ಐತಿ. ನುಂಗಿದವರ ಉಚ್ಚಿ ಕೆಂಪಗ ಆಗತೈತಿ. ರಕ್ತ ಅಲ್ಲ ಅದು!"

ಉಚ್ಚೆ ಎಂದದ್ದಕ್ಕೆ ಇಡೀ ಕ್ಲಾಸು ಕಿಸಕ್ಕೆಂದಿತು. ನಾನೊಬ್ಬಳು ನಗಲಿಲ್ಲ.

ಯಾಕೆಂದರೆ ನಮ್ಮ ಮನೆಯಲ್ಲಿ ಅವ್ವನಿಗೆ ಟಿ.ಬಿ. ಆಗಿತ್ತು. ಹಾಗೆಂದು ಯಾರೂ ಬಾಯಿಬಿಡುವಂತಿರಲಿಲ್ಲ. ಹೊರಗಿನವರಿಗೆ ಅದು ಹಳೇ ಕೆಮ್ಮು. ಸುದ್ದಿಯಾದರೆ ನಾಳೆ ನನ್ನನ್ನು ನೋಡಲು ಯಾರು ಬರುತ್ತಾರೆ ಎಂಬುದು ಅಪ್ಪನ ತಾಯಿ, ನಮ್ಮ ಆಯಿಯ ಚಿಂತೆ. ದವಾಖಾನೆಯ ಗುಳಿಗೆ ನುಂಗಿದ ಮೊದಲ ದಿನವೇ ಅವ್ವನ ಉಚ್ಚೆ ಕೆಂಪಾಯಿತು. "ಕಾವು ಏರೇತಿ, ರಕ್ತ ಹೊಂಟೈತಿ" ಎಂದು ಆಯಿ ತೀರ್ಪು ಕೊಟ್ಟಳು. ಗುಳಿಗೆ ನಿಂತಿತು, ಕೊತ್ತಂಬರಿ ಕಾಳು ನೆನೆಸಿದ ನೀರು ಶುರುವಾಯಿತು. ವಿಚಾರಿಸಲು ಬರುವ ಆಶಾ ಕಾರ್ಯಕರ್ತೆಗೆ ಅವ್ವ ಗುಳಿಗೆ ಬಿಡಿಸಿದ ಖಾಲಿ ಹಾಳೆ ತೋರಿಸುತ್ತಿದ್ದಳು. ಬಿಡಿಸಿದ ಗುಳಿಗೆಗಳು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿರುತ್ತಿದ್ದವು. ಹತ್ತು ದಿನವಾಗಿತ್ತು. ಅವ್ವ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಇದೆಲ್ಲ ಕಂಡೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಕ್ಲಾಸು ಬಿಟ್ಟ ಮೇಲೆ ಮೇಡಂ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಸಮಾಧಾನ ಗೀಮಾಧಾನ ಮಾಡಲಿಲ್ಲ. "ಅಳೂದು ಆಮ್ಯಾಲ. ಮನಿ ತೋರ್ಸು" ಎಂದು ಛತ್ರಿ ಎತ್ತಿಕೊಂಡರು.

ನಮ್ಮದು ಹೊಲಮನೆ ಇರುವ ಲಿಂಗಾಯತರ ಮನೆತನ. ಕಾಂಬಳೆ ಎಂಬ ಅಡ್ಡಹೆಸರು ಕೇಳಿದ್ದೇ ತಡ, ಮೇಡಂ ದಲಿತರ ಕೇರಿಯವರೆಂದು ಆಯಿಗೆ ತಿಳಿಯಿತು. ಒಳಗೆ ಬನ್ನಿ ಅನ್ನಲಿಲ್ಲ. ಮೇಡಂ ಅಂಗಳದಲ್ಲೇ ನಿಂತು, ಒಳಗಿದ್ದ ಅವ್ವನನ್ನು ಕರೆದು, ಓಣಿಗೆಲ್ಲ ಕೇಳುವಂತೆ ಶುರು ಮಾಡಿದರು. "ವೈನಿ, ಹೊರಗ ಬರ್ರಿ. ಅದು ರಕ್ತ ಅಲ್ಲ, ಗುಳಿಗಿ ಬಣ್ಣ! ನಡುವ ಬಿಟ್ರ ಆ ಬ್ಯಾಕ್ಟೀರಿಯಾ ಗುಳಿಗಿಗೇ ಜಗ್ಗದಂಗ ಆಗತಾವ. ಆವಾಗ ಏನು ಮಾಡ್ತೀರಿ?"

"ಸಾವಕಾಶ ಮಾತಾಡವಾ, ಮಂದಿ ಕೇಳ್ತಾರ" ಎಂದಳು ಆಯಿ.

"ಕೇಳ್ಲಿ ಆಯಿ. ಮಂದಿ ಬಂದು ಇವರ ಕೆಮ್ಮು ಕೆಮ್ಮತಾರೇನು?"

ಮರುದಿನ ಅವರೇ ಅವ್ವನನ್ನು ದವಾಖಾನೆಗೆ ಕರೆದೊಯ್ದರು. ಡಾಕ್ಟರು ಬೈದು, ಕಫ ಪರೀಕ್ಷೆ ಮಾಡಿಸಿ, ಹೊಸದಾಗಿ ಗುಳಿಗೆ ಶುರು ಮಾಡಿದರು. ಅಲ್ಲಿಂದ ದಿನಾ ಮುಂಜಾನೆ ಕಾಲೇಜಿಗೆ ಮುಂಚೆ ಮೇಡಂ ನಮ್ಮ ಅಂಗಳದಲ್ಲಿ ಹಾಜರು. ಅವ್ವ ನುಂಗಿ ಮುಗಿಸುವ ತನಕ ಕದಲುತ್ತಿರಲಿಲ್ಲ. ಆಯಿ ಮೂಗು ಮುರಿಯುತ್ತಿದ್ದಳು, ಅಪ್ಪ ಕಂಡೂ ಕಾಣದ ಹಾಗೆ ಟ್ರ್ಯಾಕ್ಟರು ಹತ್ತುತ್ತಿದ್ದ. ಅವ್ವ ನಿಧಾನಕ್ಕೆ ಗೋಡೆ ಬಿಟ್ಟು ನಡೆಯತೊಡಗಿದಳು.

ತಡೆದುಕೊಳ್ಳಲಾಗದೆ ಹೋದವನು ಅಪ್ಪನ ತಮ್ಮ, ನಮ್ಮ ಕಾಕಾ. ಮನೆಯ ಮಾನ ಹರಾಜು ಹಾಕಿದಳೆಂದು ಕಾಲೇಜಿಗೆ ಹೋಗಿ ದೂರು ಕೊಟ್ಟ. ಪ್ರಾಚಾರ್ಯರು ಮೇಡಂ ಮುಂದೆ ಕ್ಷಮಾಪಣೆಯ ಕಾಗದ ಇಟ್ಟರು, ಸಹಿ ಹಾಕಿದರೆ ಮುಂದಿನ ವರ್ಷವೂ ನೌಕರಿ ಎಂದರು. "ಸುಳ್ಳು ಹೇಳಿದ್ರ ಮಾಫಿ ಕೇಳ್ತಿದ್ದೆ" ಎಂದು ಮೇಡಂ ಪೆನ್ನು ಮುಟ್ಟಲಿಲ್ಲ.

ಸುದ್ದಿ ತಿಳಿದ ಅವ್ವ ಕಾಲೇಜಿಗೆ ಹೊರಟು ನಿಂತಳು. ಜನ್ಮದಲ್ಲಿ ಯಾವ ಸಾಹೇಬರ ಮುಂದೆಯೂ ನಿಂತವಳಲ್ಲ. ಸೆರಗು ಹೊದ್ದು ಪ್ರಾಚಾರ್ಯರ ಕೋಣೆಗೆ ಹೋಗಿ, "ಟಿ.ಬಿ. ಆದಾಕಿ ನಾ ಅದೀನ್ರಿ. ಮಾನ ಹೋಗಿದ್ರ ನಂದು ಹೋಗಬೇಕು, ಹೋಗಿಲ್ಲ. ಇವರು ಬರಲಿಲ್ಲಂದ್ರ ಜೀವಾನ ಹೋಗಿರ್ತಿತ್ತು" ಎಂದಳು. ಬಾಗಿಲಲ್ಲಿ ನಿಂತಿದ್ದ ನನಗೆ ಕುಣಿಯಬೇಕೆನಿಸಿತು. ಪ್ರಾಚಾರ್ಯರು ಕಾಗದ ಮಡಚಿ ಒಳಗಿಟ್ಟರು. ಆದರೆ ವರ್ಷ ಮುಗಿದ ಮೇಲೆ ಮೇಡಂ ಅವರನ್ನು ಕರೆಯಲೂ ಇಲ್ಲ.

ಮೇಡಂ ಬೈಲಹೊಂಗಲದ ಬಾಡಿಗೆ ಖೋಲಿ ಬಿಟ್ಟು ತಮ್ಮೂರು ರಾಮದುರ್ಗಕ್ಕೆ ಹೋದರು. ಅವ್ವನ ಗುಳಿಗೆ ಇನ್ನೂ ಕೆಲವು ದಿನದ್ದಿತ್ತು. ನಾನು ಎದುರು ನಿಂತು ನುಂಗಿಸಿದೆ. ಕೊನೆಯ ದಿನ ಮುಂಜಾನೆ ಅವ್ವ ಗುಳಿಗೆಯನ್ನು ಚೀಲದಲ್ಲಿ ಕಟ್ಟಿಕೊಂಡಳು. "ಇದನ್ನ ಅಕ್ಕೋರ ಮುಂದ ನುಂಗತೇನಿ." ಆಯಿ ಕೂಗಾಡಿದಳು, ಕಾಕಾ ಬಾಗಿಲಿಗೆ ಅಡ್ಡ ನಿಂತ. "ಸರಿ ಆಚೀ ಕಡೆ" ಎಂದಳು ಅವ್ವ, ಅಷ್ಟೇ.

ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ, ಮೇಡಂ ಮನೆಗೆ ಹೋದೆವು. ನಾನು ಮೇಡಂ ಅವರನ್ನು ನೋಡಿದ್ದು ಅದೇ ಕೊನೆ. ಆಮೇಲೆ ಅವರು ಯಾವುದೋ ದೂರದ ಜಿಲ್ಲೆಯ ಶಾಲೆಗೆ ಸೇರಿದರಂತೆ, ಹಳೆಯ ನಂಬರು ಹತ್ತುವುದಿಲ್ಲ. ಅವತ್ತು ಮನೆ ಮುಂದೆ ನಮ್ಮನ್ನು ಕಂಡು ಅವರು ಗಾಬರಿಯಾದರು, ಒಳಗಿನಿಂದ ಕುರ್ಚಿ ಹೊರಗೆ ತರಲು ಓಡಿದರು. ಅವ್ವ ಅವರ ಹಿಂದೆಯೇ ಹೊಸ್ತಿಲು ದಾಟಿ ಚಾಪೆಯ ಮೇಲೆ ಕೂತಳು.

"ಗುಳಿಗಿ ನುಂಗಬೇಕು ಅಕ್ಕೋರ. ನೀರು ಕೊಡ್ರಿ."

ಮೇಡಂ ನನ್ನ ಮುಖ ನೋಡಿದರು. ಆಮೇಲೆ ತಂಬಿಗೆ ತುಂಬಿ ತಂದುಕೊಟ್ಟರು. ಅವ್ವ ಗುಳಿಗೆ ನುಂಗಿ, ತಂಬಿಗೆಯನ್ನು ಕಚ್ಚಿ ಕುಡಿದು ಬರಿದು ಮಾಡಿದಳು. ಅದನ್ನು ಮತ್ತೆ ಅವರ ಮುಂದೆ ಚಾಚಿದಳು.

"ಅದು ಗುಳಿಗಿಗೆ ಆತು. ಈಗ ನನಗ ನೀರಡಿಕಿ ಆಗೇತಿ. ಇನ್ನೊಂದು ಕೊಡ್ರಿ."