ದ್ರಾಕ್ಷಿತೋಟಕ್ಕೆ ಕಳಿಸಿದ ಮೇಷ್ಟ್ರು

ಪದ್ಯ ಓದುವಾಗ ನಮ್ಮ ಕನ್ನಡ ಮೇಷ್ಟ್ರು ಎಡಗಾಲನ್ನು ಮಡಚಿ, ಅಂಗಾಲನ್ನು ಬಲಗಾಲಿನ ಮೀನಖಂಡಕ್ಕೆ ಒತ್ತಿ, ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಲ್ಲುತ್ತಿದ್ದರು. ಹಾಗೆ ನಿಲ್ಲುತ್ತೇನೆಂಬುದು ಅವರಿಗೇ ಗೊತ್ತಿರಲಿಲ್ಲ. ಪದ್ಯ ಮುಗಿದು ಕಾಲು ಕೆಳಗಿಟ್ಟಾಗ ಬಿಳಿ ಧೋತರದ ಮೇಲೆ ಅಂಗಾಲಿನ ಮಣ್ಣು ಮೂಡಿರುತ್ತಿತ್ತು. ಕಂಪ್ಲಿಯ ಹೈಸ್ಕೂಲಿನಲ್ಲಿ ನಾವೆಲ್ಲ ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದೆವು.

ಒಮ್ಮೆ ಪಾಠದಲ್ಲಿ ದ್ರಾಕ್ಷಿತೋಟದ ಮಾತು ಬಂತು. ಬತ್ತ, ಕಬ್ಬು ಬಿಟ್ಟರೆ ಬೇರೇನೂ ಕಾಣದ ನಮಗೆ ದ್ರಾಕ್ಷಿಯೆಂದರೆ ತಳ್ಳುಗಾಡಿಯ ಮೇಲೆ ಬರುವ ಹಣ್ಣು, ಅಷ್ಟೆ. ಮರುದಿನ ಮೇಷ್ಟ್ರು ಹೊಸಪೇಟೆಯಿಂದ ಕರಿದ್ರಾಕ್ಷಿ ತಂದು ತಲೆಗೊಂದರಂತೆ ಹಂಚಿದರು. “ಬಾಯಾಗ ಇಟ್ಕೊಳ್ರಿ. ಪದ್ಯ ಮುಗಿಯೋತನಕ ಯಾರೂ ಕಡಿಬಾರ್ದು” ಎಂದರು. ನಾನು ಎರಡನೇ ಸಾಲಿಗೇ ಕಡಿದುಬಿಟ್ಟೆ. ಅವರಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಬೈಯಲಿಲ್ಲ. “ಇರ್ಲಿ ಬಿಡಲೇ, ನಿನಗ ಮೊದಲು ರುಚಿ ಸಿಕ್ತು” ಎಂದು ಮುಂದೆ ಓದಿದರು.

ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮದುವೆಯಾದ ಎರಡೇ ವರ್ಷಕ್ಕೆ ಹೆಂಡತಿ ತೀರಿಕೊಂಡಿದ್ದರು. ಹುಟ್ಟಿದ ಊರು ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಕೈಗೂಸಾಗಿದ್ದಾಗ ತಾಯಿ ಸೊಂಟದ ಮೇಲೆ ಹೊತ್ತು ತಂದಿದ್ದರಂತೆ. “ನಮ್ಮೂರು ಹೆಂಗಿತ್ತು ಅಂತ ನನಗ ನೆನಪೇ ಇಲ್ಲ. ಆದ್ರೂ ಭಾಳ ನೆನಪಾಗ್ತದ” ಎಂದು ಒಮ್ಮೆ ಹೇಳಿದ್ದರು. ಕಾಲುವೆ ದಂಡೆಯ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಿವೃತ್ತರಾದ ಮೇಲೂ ಅಲ್ಲೇ ಇದ್ದರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹಂಪಿಗೆ ಹೋಗುತ್ತಿದ್ದರು, ಗುಡಿ ನೋಡಲಿಕ್ಕಲ್ಲ. ಅಲ್ಲಿನ ಗೆಸ್ಟ್‌ಹೌಸುಗಳಲ್ಲಿ ಪರದೇಶದವರು ಓದಿ ಬಿಟ್ಟುಹೋದ ಇಂಗ್ಲಿಷ್ ಪುಸ್ತಕ ತರಲಿಕ್ಕೆ.

ಹಾಗೆ ಸಿಕ್ಕ ಪುಸ್ತಕವೊಂದರಲ್ಲಿ ಇಟಲಿಯ ಹಳೆಯ ಕಾಲದ ಕವಿಯೊಬ್ಬ ಇದ್ದ. ಊರಿನವರು ಅವನನ್ನು ಗಡಿಪಾರು ಮಾಡಿದ್ದರು. ಮತ್ತೆ ಊರು ಕಾಣದೆ ಸತ್ತ. ಆಮೇಲೆ ಅವನ ಮಗ ದೂರದ ಕಣಿವೆಯೊಂದರಲ್ಲಿ ದ್ರಾಕ್ಷಿತೋಟ ಕೊಂಡು ನೆಲೆನಿಂತ. ಆ ತೋಟ ಇವತ್ತಿಗೂ ಅದೇ ಮನೆತನದವರ ಕೈಯಲ್ಲಿದೆ. ಆ ಕವಿಯ ಒಂದು ಪದ್ಯವನ್ನು ಮೇಷ್ಟ್ರು ಕನ್ನಡಕ್ಕೆ ತರುತ್ತಿದ್ದರು. ವರ್ಷಗಟ್ಟಲೆ ತಿದ್ದಿದರು. ನಾನು ಹೋದಾಗಲೆಲ್ಲ ಹೊಸದಾಗಿ ಬರೆದ ಎರಡು ಸಾಲು ಓದಿ, “ನಾಲಿಗಿಗೆ ತೊಡರ್ತದೇನು ನೋಡು” ಎನ್ನುತ್ತಿದ್ದರು. ಹೋಗುತ್ತಿದ್ದವನು ನಾನೊಬ್ಬನೇ.

ನಾನು ಐಟಿಐ ಮುಗಿಸಿ ಹೊಸಪೇಟೆಯ ಗ್ರಾನೈಟ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಕಲ್ಲು ಕೊಯ್ಯುವ ಹೊಸ ಮಷೀನು ಇಟಲಿಯಿಂದ ಬರುವುದಿತ್ತು. ಅದರ ಕೆಲಸ ಕಲಿತು ಬಾ ಎಂದು ಮಾಲೀಕರು ನನ್ನನ್ನು ನಾಲ್ಕು ವಾರಕ್ಕೆ ಕಳಿಸಿದರು. ಸುದ್ದಿ ತಿಳಿದ ಸಂಜೆಯೇ ಮೇಷ್ಟ್ರು ಬಸ್ಸು ಹತ್ತಿ ಹೊಸಪೇಟೆಯ ನಮ್ಮ ಮನೆಗೆ ಬಂದರು. ಕುಳಿತುಕೊಳ್ಳಲೂ ಇಲ್ಲ.

“ನೀ ಹೊಂಟ ಊರಿಗೆ ಆ ತೋಟ ಭಾಳ ಸಮೀಪ ಐತಿ. ನಾನು ನಕ್ಷೆ ನೋಡೀನಿ. ಒಂದ್ ಭಾನುವಾರ ಹೋಗಿ ಬಾ.”

“ಹೋಗ್ತೀನಿ ಸರ್. ಏನು ತರ್ಲಿ?”

“ಏನೂ ಬ್ಯಾಡ.” ಅಂಟಿಸಿದ ಲಕೋಟೆಯೊಂದನ್ನು ಕೈಗಿಟ್ಟರು. “ಪದ್ಯ ಮುಗೀತು. ಅಲ್ಲಿ ಹೋಗಿ, ಆ ಬಳ್ಳಿ ಮುಂದ ನಿಂತು, ಒಂದ್ ಸಲ ಗಟ್ಟಿಯಾಗಿ ಓದು. ಯಾರೂ ಕೇಳದಿದ್ರೂ ಅಡ್ಡಿಯಿಲ್ಲ. ಏನಾರ ಅಡಚಣಿ ಬಂದ್ರ ನನಗ ಫೋನ್ ಹಚ್ಚು.”

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬಸ್ಸು ಹಿಡಿದು ಹೋದೆ. ಹಣ್ಣು ಕೊಯ್ದು ಮುಗಿದಿತ್ತು. ಗುಡ್ಡದ ಇಳಿಜಾರಿನಲ್ಲಿ ಸಾಲುಸಾಲು ಬಳ್ಳಿ, ಬರೀ ಎಲೆ. ನಮ್ಮ ಕಡೆಯ ಎಲೆಗಳಲ್ಲಿ ನಾನು ಎಂದೂ ನೋಡದ ಬಣ್ಣಕ್ಕೆ ತಿರುಗಿ ಒಂದೊಂದೇ ಸದ್ದಿಲ್ಲದೆ ಉದುರುತ್ತಿದ್ದವು. ಹಳೆಯ ಮನೆಯ ಅಟ್ಟದಲ್ಲಿ ಬಿದಿರಿನ ತಟ್ಟೆಗಳ ಮೇಲೆ ಗೊಂಚಲುಗಳನ್ನು ಒಣಗಲು ಹರವಿದ್ದರು. ನೋಡಲು ಬಂದ ಹತ್ತಿಪ್ಪತ್ತು ಜನರಲ್ಲಿ ಎಲ್ಲರೂ ಜೋಡಿಜೋಡಿ. ಒಬ್ಬನೇ ಬಂದವನು ನಾನು. ತೋಟ ತೋರಿಸುತ್ತಿದ್ದ ವಯಸ್ಸಾದ ಹೆಂಗಸು ಬಳ್ಳಿಗಳ ನಡುವೆ ನಿಂತು ಆ ಕವಿಯ ಪದ್ಯವನ್ನು ಅವರ ಭಾಷೆಯಲ್ಲಿ ಹೇಳಿದರು. ಆಮೇಲೆ ಆಕೆ ನನ್ನ ಕಡೆ ತಿರುಗಿ, “ನಿಮ್ಮ ದೇಶದಲ್ಲಿ ಈ ಕವಿಯನ್ನು ಯಾರಾದರೂ ಓದುತ್ತಾರೆಯೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಲಕೋಟೆ ನನ್ನ ಕೋಟಿನ ಜೇಬಿನಲ್ಲಿತ್ತು. ಕೈ ಅದರ ಮೇಲೇ ಇತ್ತು. ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ನನ್ನ ಮುರುಕು ಇಂಗ್ಲಿಷು, ಎರವಲು ಕೋಟು, ಎಲ್ಲ ಒಮ್ಮೆಲೇ ನೆನಪಾದವು.

“ಇಲ್ಲ” ಎಂದುಬಿಟ್ಟೆ.

ಆಕೆ ನಕ್ಕು ಮುಂದೆ ಹೋದರು. ಎಲ್ಲರೂ ದ್ರಾಕ್ಷಾರಸದ ರುಚಿ ನೋಡಲು ಒಳಗೆ ಹೋದ ಮೇಲೆ ನಾನು ಆ ಸಾಲುಗಳ ನಡುವೆ ಬಹಳ ಹೊತ್ತು ಒಬ್ಬನೇ ಇದ್ದೆ. ಆಗಲಾದರೂ ಓದಬಹುದಿತ್ತು. ಬಾಯೇ ಬರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಹೊರಟೆ.

ಊರಿಗೆ ಬಂದು ಮೇಷ್ಟ್ರಿಗೆ, “ಓದಿದೆ ಸರ್. ಎಲ್ಲಾರೂ ಚಪ್ಪಾಳಿ ಹೊಡದ್ರು” ಎಂದೆ.

“ಹೌದಾ? ಭಾಳ ಛಲೋ ಆತು” ಎಂದರು. ಹೇಗೆ ಓದಿದೆ, ಯಾರು ಏನೆಂದರು ಎಂದೆಲ್ಲ ಕೇಳುತ್ತಾರೆಂದು ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಏನೂ ಕೇಳಲಿಲ್ಲ. ಚಹಾ ಇಡಲು ಒಳಗೆ ಹೋದರು. ಆಮೇಲೆ ನಾನು ಕಂಪ್ಲಿಗೆ ಹೋಗುವುದೇ ಕಡಿಮೆಯಾಯಿತು. ಕೆಲಸ ಜಾಸ್ತಿ ಎನ್ನುತ್ತಿದ್ದೆ. ನಿಜವೆಂದರೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅವರನ್ನು ಉಸಿರಾಟದ ತೊಂದರೆಯಿಂದ ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋದೆ. ಮಂಚದ ಪಕ್ಕ ಯಾರೂ ಇರಲಿಲ್ಲ. ಅವರನ್ನು ಹಾಗೆ ನೋಡಿ ತಡೆಯಲಾಗಲಿಲ್ಲ.

“ಸರ್, ನಾನು ಅಲ್ಲಿ ಓದಲಿಲ್ಲ. ಸುಳ್ಳು ಹೇಳಿದೆ.”

ಅವರು ಕಣ್ಣು ಮುಚ್ಚಿಕೊಂಡೇ, “ಹಾಳಿ ಐತೇನು?” ಎಂದರು.

ಮರುದಿನ ಲಕೋಟೆ ತಂದು ಅವರೆದುರೇ ಒಡೆದೆ. ಓದತೊಡಗಿದೆ. ಎಂಟು ಸಾಲು ಸರಾಗವಾಗಿ ಹೋಯಿತು. ಒಂಬತ್ತನೆಯದರಲ್ಲಿ, ಎಲೆಗಳ ಮಾತು ಬರುವಲ್ಲಿ, ಒಂದು ಶಬ್ದದಷ್ಟು ಜಾಗ ಖಾಲಿ ಬಿಟ್ಟಿದ್ದರು. ನಾನು ನಿಂತೆ.

ಮೇಷ್ಟ್ರು ಕಣ್ಣು ತೆರೆದರು. “ಅಲ್ಲೇ ನಿಲ್ತಿ ಅಂತ ಗೊತ್ತಿತ್ತು. ಆ ಎಲಿ ನಾನು ನೋಡಿಲ್ಲ. ನೋಡೋನು ನೀನು. ಓದ್ತಾ ಓದ್ತಾ ಅಲ್ಲಿ ತೊಡರ್ತಿ, ನನಗ ಫೋನ್ ಹಚ್ತಿ, ಬಣ್ಣ ಹೇಳ್ತಿ ಅಂತ ಬಿಟ್ಟಿದ್ದೆ. ನಾಕೂ ಭಾನುವಾರ ಫೋನ್ ಮುಂದಿಟ್ಕೊಂಡು ಕುಂತಿದ್ದೆ.”

ಅಂದರೆ ಚಪ್ಪಾಳೆಯ ಕಥೆ ಹೇಳುತ್ತಿದ್ದಾಗಲೇ ಅವರಿಗೆ ಎಲ್ಲ ಗೊತ್ತಿತ್ತು. ಎರಡು ವರ್ಷ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

“ಈಗ ಹೇಳು. ಯಾವ ಬಣ್ಣ?”

“ಕೆಂಪು ಸರ್. ಮಳಿ ನಿಂತ ಮ್ಯಾಲೆ ಸಂಡೂರಿನ ಮಣ್ಣು ಇರ್ತದಲ್ಲ, ಹಂಗ.”

“ನೋಡಿದಾಗ ಏನನಸ್ತು?”

“ನನಗ ಯಾರೂ ಇಲ್ಲ ಅನಸ್ತು ಸರ್.”

ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ತಂದು ನನ್ನ ಮುಂಗೈ ಮೇಲಿಟ್ಟರು. “ನಾನಿದ್ನಲ್ಲಲೇ” ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು. ಮಾತಾಡಿದ್ದು ಅದೇ ಕೊನೆ. ಆಮೇಲೆ ಹೋದಾಗಲೆಲ್ಲ ನಿದ್ದೆಯಲ್ಲಿದ್ದರು.

ಕಂಪ್ಲಿಯ ರುದ್ರಭೂಮಿಯಲ್ಲಿ ಸೇರಿದ್ದವರು ಒಂಬತ್ತು ಮಂದಿ. ಓಣಿಯವರು, ಮನೆ ಮಾಲೀಕರು, ಜೊತೆಗೆ ಕೆಲಸ ಮಾಡಿದ್ದ ಇಬ್ಬರು ಹಳೆಯ ಮೇಷ್ಟ್ರುಗಳು. ಕುಣಿಯಲ್ಲಿ ಕೂರಿಸಿ ವಿಭೂತಿ ಇಟ್ಟ ಮೇಲೆ ಅಯ್ಯನವರು ತಲೆಯೆತ್ತಿ, “ಮೊದಲ ಮಣ್ಣು ಹಾಕೋರು ಯಾರ್ರಿ? ಇವರ ಮನಿ ಪೈಕಿ ಯಾರದೀರಿ?” ಎಂದು ಕೇಳಿದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

“ನಾನದೀನ್ರಿ” ಎಂದು ಗಟ್ಟಿಯಾಗಿ ಹೇಳಿ ಮುಂದೆ ಹೋದೆ.