ಕಾರು ದಬ್ಬಿದ ಹೆಂಗಸರು

ಕೀಲಿ ತಿರುವಿದರೆ ಕಾರು ‘ಕಟಕಟ’ ಎಂದು ಸುಮ್ಮನಾಯಿತು. ತಾಳಿಕೋಟೆಯಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ಹುಡುಗನಿಗೆ ಹಾಕುವ ಉಂಗುರ ನನ್ನ ಪರ್ಸಿನಲ್ಲಿತ್ತು. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದ ನಮ್ಮ ಯಜಮಾನರು ಪಕ್ಕದ ಸೀಟಿನಿಂದಲೇ, “ನಾ ಬಿದ್ದಾಗಿಂದ ನಿಂತೈತಿ, ಬ್ಯಾಟರಿ ಇಳದೈತಿ. ದಬ್ಬಿದ್ರ ಚಾಲೂ ಆಕೈತಿ” ಎಂದರು. ದಬ್ಬುವವರು ಯಾರು?

ಅಷ್ಟರಲ್ಲಿ ತೊಗರಿ ಕೊಯ್ಯಲು ಹೊರಟಿದ್ದ ನಾಲ್ವರು ಹೆಂಗಸರು ಬುತ್ತಿಗಂಟು ಹಿಡಿದು ಬಂದರು. ನಮ್ಮ ಫಜೀತಿ ಕೇಳಿದ ಹಿರಿಯಾಕೆ, “ದಬ್ಬತೇವ್ರಿ ಅಕ್ಕಾರ. ಚಾಲೂ ಆದ್ರ ನಮ್ಮನ್ನ ಹೊಲದ ಮಟಾ ಬಿಡಬೇಕ ನೋಡ್ರಿ” ಎಂದಳು.

ಅವರು ದಬ್ಬಿದರು. ಯಜಮಾನರು ಹೇಳಿದಂತೆ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಕಾರು ಒಮ್ಮೆ ಜಗ್ಗಿ ಚಾಲೂ ಆಯಿತು. ನಾಲ್ವರೂ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕುಳಿತರು. ಹೊಲ ಬಂತೆಂದು ಅವರನ್ನು ಇಳಿಸಲು ನಿಲ್ಲಿಸಿದೆ. ಹೊಸದಾಗಿ ಡ್ರೈವಿಂಗ್ ಕಲಿತ ನನ್ನ ಕಾಲು ತಪ್ಪಿ ಎಂಜಿನ್ ಬಂದ್ ಆಯಿತು. ಯಜಮಾನರು ಹಣೆ ಹಿಡಿದುಕೊಂಡರು. ನನಗೆ ಅಳುವೊಂದೇ ಬಾಕಿ. ಆ ಹೆಂಗಸರು ಮಾತ್ರ ಬಿದ್ದು ಬಿದ್ದು ನಕ್ಕರು. ಬುತ್ತಿಯನ್ನು ಬದುವಿನ ಮೇಲಿಟ್ಟು ಮತ್ತೆ ಕಾರಿನ ಹಿಂದೆ ನಿಂತರು. ಈ ಸಲ ಚಾಲೂ ಆದೊಡನೆ ಹಿರಿಯಾಕೆ ಕೂಗಿ ಹೇಳಿದಳು: “ಇನ್ನ ಯಾರ ಕೈ ಮಾಡಿದ್ರೂ ನಿಲ್ಲಸಬ್ಯಾಡ್ರಿ.” ನಿಲ್ಲಿಸಲಿಲ್ಲ. ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದೆವು.

ಈಗ ಸಂತೆಗೂ ಕಾರನ್ನೇ ತೆಗೆಯುತ್ತೇನೆ. ದಾರಿಯಲ್ಲಿ ಅವರು ಸಿಕ್ಕರೆ ಹತ್ತಿಸಿಕೊಳ್ಳುತ್ತೇನೆ. ಬಾಗಿಲು ತೆಗೆಯುವ ಮೊದಲು ಹಿರಿಯಾಕೆ ಗಂಭೀರವಾಗಿ ಕೇಳುತ್ತಾಳೆ: “ಕುಂಡ್ರೂದೇನ್ರಿ ಅಕ್ಕಾರ, ದಬ್ಬೂದೇನ್ರಿ?”